ಕತ್ತಲಾದ ಮೇಲೆ ಕೆರೆಯ ಆಳವಿಲ್ಲದ ನೀರಿನಲ್ಲಿ ಹರಿಗೋಲನ್ನು ದಡ ಸೇರಿಸುವ ಕ್ರಮ

(ಬೆಂಗಳೂರು ಉತ್ತರ ಭಾಗದ ಕೆರೆಗಳಲ್ಲಿ ಮೀನುಗಾರಿಕೆಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಪೀಠಿಕೆ

ಬೆಂಗಳೂರಿನ ಉತ್ತರ ಭಾಗದ ಹೆಬ್ಬಾಳ, ಯಲಹಂಕ, ಜಕ್ಕೂರು, ರಾಚೇನಹಳ್ಳಿ ಮೊದಲಾದ ಕೆರೆಗಳಲ್ಲಿ ಹರಿಗೋಲಿನ ನೆರವಿನಿಂದ ಮೀನು ಹಿಡಿಯುವ ಕಸುಬು ಬಹುಕಾಲದಿಂದ ನಡೆದುಬಂದಿದೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಹಾಗೂ ತಿಲಾಪಿಯ ಈ ಕೆರೆಗಳಲ್ಲಿ ದೊರೆಯುವ ಮುಖ್ಯ ಮೀನುಗಳಾಗಿವೆ. ಹಗಲಿನಲ್ಲಿ ನೂಲು ಕಣ್ಣಿಗೆ ಬಿದ್ದರೆ ಮೀನು ಬಲೆಯನ್ನು ತಪ್ಪಿಸಿಕೊಳ್ಳುವುದರಿಂದ, ಗಿಲ್ ಬಲೆಯನ್ನು ಸಂಜೆ ಹೊತ್ತು ಮುಳುಗುವ ವೇಳೆಗೆ ಬಿಟ್ಟು ನಸುಕಿನಲ್ಲಿ ಎತ್ತುವುದು ವಾಡಿಕೆ. ಬಲೆ ಬಿಡುವಷ್ಟರಲ್ಲಿ ಕತ್ತಲಾಗಿರುತ್ತದೆ; ಬಲೆ ಎತ್ತುವ ಹೊತ್ತಿಗೆ ಇನ್ನೂ ಬೆಳಕಾಗಿರುವುದಿಲ್ಲ. ಆದ್ದರಿಂದ ಈ ಕಸುಬಿನಲ್ಲಿ ದಡಕ್ಕೆ ಮರಳುವ ದಾರಿ ಬಹುಪಾಲು ಕತ್ತಲೆಯದೇ ಆಗಿರುತ್ತದೆ.

ಕೆರೆಯಲ್ಲಿ ಅಪಾಯವೆಂದರೆ ಆಳ ಎಂಬುದು ಸಾಮಾನ್ಯ ತಿಳಿವಳಿಕೆ. ರಾತ್ರಿ ವೇಳೆ ಹರಿಗೋಲು ನಡೆಸುವವರ ಮಟ್ಟಿಗೆ ಇದು ಅರ್ಧ ಮಾತ್ರ ನಿಜ. ಆಳವಾದ ನೀರಿನಲ್ಲಿ ಹರಿಗೋಲು ತೇಲುತ್ತದೆ. ಮೊಣಕಾಲಿನ ಮಟ್ಟದ ನೀರಿನಲ್ಲಿ ಅದು ಹೂಳಿನ ಮೇಲೆ ಕೂರುತ್ತದೆ, ಮೋಟಿಗೆ ಸಿಲುಕಿ ಹರಿಯುತ್ತದೆ, ಕಳೆಯ ನಡುವೆ ನಿಂತುಬಿಡುತ್ತದೆ. ಆಗ ‘ನೀರು ಕಡಿಮೆಯೇ ಇದೆ’ ಎಂದು ಕೆಳಗಿಳಿದು ನೂಕಲು ಹೋಗುವುದೇ ಅನಾಹುತಕ್ಕೆ ದಾರಿಯಾಗುತ್ತದೆ. ಹೊಸದಾಗಿ ಅರ್ಜಿ ಸಲ್ಲಿಸುವವರು ಈ ಕಾರಣದಿಂದ ಕೆಳಗಿನ ವಿವರಗಳನ್ನು ಓದಿಕೊಳ್ಳುವುದು ಅವಶ್ಯ.

ಕೆರೆಯ ರಚನೆಯನ್ನು ತಿಳಿಯುವುದು

ಬಯಲುಸೀಮೆಯ ಕೆರೆಯು ತಾನಾಗಿ ಉಂಟಾದ ಸರೋವರವಲ್ಲ. ಹಳ್ಳವೊಂದಕ್ಕೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ನೀರು. ಹೀಗಾಗಿ ಅದರ ತಳವು ಬಟ್ಟಲಿನಂತೆ ನಾಲ್ಕೂ ಕಡೆಯಿಂದ ಸಮನಾಗಿ ಇಳಿಯುವುದಿಲ್ಲ. ನೀರು ಒಳಬರುವ ಕಡೆ, ಅಂದರೆ ಕೆರೆಯಂಗಳದ ಮೇಲ್ಭಾಗದಲ್ಲಿ, ತಳವು ಬಹುದೂರದವರೆಗೆ ಹೆಚ್ಚುಕಡಿಮೆ ಮಟ್ಟವಾಗಿರುತ್ತದೆ. ಏರಿಯ ಕಡೆಗೆ ಬಂದಂತೆ ಆಳವಾಗುತ್ತ ತೂಬಿನ ಸಮೀಪದಲ್ಲಿ ಅತಿ ಹೆಚ್ಚಿನ ಆಳವಿರುತ್ತದೆ. ಮೂಲ ಹಳ್ಳದ ಪಾತ್ರವು ಪೂರ್ತಿ ಹೂಳು ತುಂಬಿರದಿದ್ದಲ್ಲಿ, ಅಂಗಳದಿಂದ ತೂಬಿನವರೆಗೆ ಆಳದ ಗೆರೆಯಾಗಿ ಈಗಲೂ ಉಳಿದಿರುತ್ತದೆ. ರಾತ್ರಿ ಮರಳುವ ಹರಿಗೋಲಿಗೆ ಅದೇ ಹೆದ್ದಾರಿ.

ಉದಾಹರಣೆಗೆ ಜಕ್ಕೂರು ಕೆರೆಯನ್ನು ನೋಡಬಹುದು. ಸುಮಾರು 160 ಎಕರೆ ವಿಸ್ತೀರ್ಣದ ಈ ಕೆರೆಗೆ ಉತ್ತರದ ತುದಿಯಿಂದ ನೀರು ಬರುತ್ತದೆ. ಘಟಕದಲ್ಲಿ ಶುದ್ಧೀಕರಿಸಿದ ನೀರು ಅಲ್ಲಿಯ ಜೌಗು ಪ್ರದೇಶದ ಜೊಂಡಿನ ನಡುವೆ ಹಾದು ಕೆರೆಯನ್ನು ಸೇರುತ್ತದೆ. ಏರಿ ಇರುವುದು ದಕ್ಷಿಣದಲ್ಲಿ. ಕೋಡಿ ಹರಿದ ನೀರು ರಾಚೇನಹಳ್ಳಿ ಕೆರೆಯ ಕಡೆಗೆ ಹೋಗುತ್ತದೆ. ಕೆರೆಯ ಮೇಲ್ಭಾಗದಲ್ಲಿ ಬಲೆ ಬಿಟ್ಟವರಿಗೆ ಉತ್ತರದ ದಡವೇ ಹತ್ತಿರವೆಂದು ತೋರಿದರೂ ಮಧ್ಯದಲ್ಲಿ ಜೊಂಡು, ಹೂಳು ಮತ್ತು ಅಡಿ ನೀರು ಇರುತ್ತವೆ. ದಕ್ಷಿಣದ ಏರಿ ದೂರವಿದ್ದರೂ ಅಲ್ಲಿಗೆ ಹೋಗುವವರೆಗೆ ಹರಿಗೋಲಿನ ಅಡಿಯಲ್ಲಿ ನೀರಿರುತ್ತದೆ. ರಾತ್ರಿ ವೇಳೆ ಹತ್ತಿರದ ದಡಕ್ಕಿಂತ ದೂರದ ಏರಿಯೇ ಬೇಗ ಸಿಗುತ್ತದೆ ಎಂಬುದು ಅನುಭವಿ ಬೆಸ್ತರ ನಡವಳಿಕೆಯಲ್ಲಿ ಕಂಡುಬರುವ ಅಂಶ. ಆತುರದಲ್ಲಿರುವವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ನೀರಿನ ಮಟ್ಟವೂ ವರ್ಷವಿಡೀ ಒಂದೇ ಇರುವುದಿಲ್ಲ. ಬೇಸಿಗೆಯಲ್ಲಿ ಆವಿಯಾಗುವಿಕೆಯಿಂದಲೇ ದಿನಕ್ಕೆ ಸುಮಾರು ಅರ್ಧ ಸೆಂಟಿಮೀಟರ್, ತಿಂಗಳಿಗೆ ಗೇಣಿಗೆ ಸ್ವಲ್ಪ ಕಡಿಮೆ ನೀರು ಇಳಿಯುತ್ತದೆ. ದೀಪಾವಳಿಯಲ್ಲಿ ಸಲೀಸಾಗಿ ಸಾಗಿದ ದಾರಿಯಲ್ಲಿ ಯುಗಾದಿಯ ವೇಳೆಗೆ ಮೋಟುಗಳು ತಲೆ ಎತ್ತಿರಬಹುದು. ಶುದ್ಧೀಕರಿಸಿದ ನೀರು ನಿರಂತರವಾಗಿ ಬರುವ ಜಕ್ಕೂರಿನಂತಹ ಕೆರೆಗಳಲ್ಲಿ ಈ ವ್ಯತ್ಯಾಸ ಕಡಿಮೆ. ಉಳಿದ ಕೆರೆಗಳಲ್ಲಿ ವಾರಕ್ಕೊಮ್ಮೆಯಾದರೂ ಹಗಲಿನಲ್ಲಿ ಅದೇ ದಾರಿಯಲ್ಲಿ ಸಾಗಿ ನೋಡಿಕೊಳ್ಳುವುದು ಸೂಕ್ತ.

ನೀರಿನೊಳಗಿನ ಅಡೆತಡೆಗಳ ಪೈಕಿ ಮೂರನ್ನು ವಿಶೇಷವಾಗಿ ಗಮನಿಸಬೇಕು. ಹಲವು ಕೆರೆಗಳ ಅಂಗಳದಲ್ಲಿ ಹಿಂದೆ ಬೆಳೆಸಿದ್ದ ಕರಿಜಾಲಿ ಮರಗಳ ಮೋಟು ಮತ್ತು ಮುಳ್ಳುಕೊಂಬೆಗಳು ನೀರಿನ ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಉಳಿದಿರುತ್ತವೆ. ಕೆರೆ ಅಭಿವೃದ್ಧಿಯ ಸಂದರ್ಭದಲ್ಲಿ ಹೂಳನ್ನೇ ಗುಡ್ಡೆ ಹಾಕಿ ಪಕ್ಷಿಗಳಿಗಾಗಿ ನಿರ್ಮಿಸಿದ ನಡುಗಡ್ಡೆಗಳ ಸುತ್ತ, ಕಾಣುವ ದಂಡೆಯಿಂದ ಹಲವು ಮಾರು ದೂರದವರೆಗೆ ತಳ ಮೇಲಕ್ಕೆದ್ದಿರುತ್ತದೆ. ಮೂರನೆಯದು, ಗಣೇಶ ಮೂರ್ತಿಗಳ ವಿಸರ್ಜನೆಯ ನಂತರ ಉಳಿದ ಬಿದಿರು ಮತ್ತು ಕಬ್ಬಿಣದ ಚೌಕಟ್ಟುಗಳು. ಹೆಬ್ಬಾಳ ಮತ್ತು ಯಲಹಂಕದಲ್ಲಿ ವಿಸರ್ಜನೆಗೆಂದೇ ಪ್ರತ್ಯೇಕ ಕಲ್ಯಾಣಿಗಳಿದ್ದರೂ, ಕೆರೆಯ ಅಂಚಿನಲ್ಲಿ ಹಳೆಯ ಚೌಕಟ್ಟುಗಳು ಇರಲಾರವೆಂದು ಭಾವಿಸುವಂತಿಲ್ಲ.

ಹರಿಗೋಲಿನ ಗುಣ

ಬಿದಿರಿನ ಹೆಣಿಗೆಗೆ ಹಿಂದೆ ಚರ್ಮವನ್ನು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಮಾಡುವ ಹರಿಗೋಲು ಆಳವಿಲ್ಲದ ನೀರಿಗೆ ಹೇಳಿಮಾಡಿಸಿದ ಸಾಧನ. ಫೈಬರ್ ಹರಿಗೋಲುಗಳೂ ಬಳಕೆಯಲ್ಲಿವೆ. ಇದಕ್ಕೆ ಅಡಿಮರವಿಲ್ಲ, ಒಂದು ಗೇಣು ನೀರಿದ್ದರೂ ತೇಲುತ್ತದೆ. ಆದರೆ ಅದೇ ಕಾರಣಕ್ಕೆ ಇದಕ್ಕೆ ಮುಂದು-ಹಿಂದು ಎಂಬುದೂ ಇಲ್ಲ. ಹುಟ್ಟನ್ನು ಒಂದೇ ಬದಿಗೆ ಹಾಕಿದರೆ ಹರಿಗೋಲು ನಿಂತಲ್ಲೇ ಸುತ್ತುತ್ತದೆ. ಹಗಲಿನಲ್ಲಿ ಇದು ಕೂಡಲೇ ತಿಳಿಯುತ್ತದೆ. ಕತ್ತಲೆಯಲ್ಲಿ ಕಾಲು ಸುತ್ತು ತಿರುಗಿದರೂ ಕುಳಿತವರಿಗೆ ಅರಿವಾಗದಿರಬಹುದು. ಆದುದರಿಂದ ಮುಂದಿನ ಅಂಚನ್ನು ಗುರುತಿಸಲು ಅಲ್ಲಿಗೊಂದು ಬಿಳಿ ಬಟ್ಟೆ ಕಟ್ಟಿ, ಅದರ ಹಿಂದೆಯೇ ಮಂಡಿಯೂರಿ ಕುಳಿತು, ಹುಟ್ಟನ್ನು ಮುಂದೆ ಹಾಕಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಂಬ ಲಯ ತಪ್ಪಬಾರದು.

ಹೊರೆಯ ಲೆಕ್ಕವನ್ನು ಹೊಸಬರು ಸಾಮಾನ್ಯವಾಗಿ ಮರೆಯುತ್ತಾರೆ. ಎರಡು ಮೀಟರ್ ವ್ಯಾಸದ ಹರಿಗೋಲಿಗೆ ಪ್ರತಿ 30 ಕಿಲೋ ತೂಕ ಸೇರಿದಂತೆ ಅದು ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ತಳ ಉಬ್ಬಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ನೆನೆದ ಬಲೆ, ಮೀನು, ಒಳಗೆ ಸುರಿದ ನೀರು ಎಲ್ಲ ಸೇರಿ 150 ಕಿಲೋ ಆದರೆ ಐದು ಸೆಂಟಿಮೀಟರ್, ಅಂದರೆ ಮೂರು ಬೆರಳಿನ ಅಗಲ. ಹೋಗುವಾಗ ತಾಗದ ಮೋಟು ಬರುವಾಗ ತಾಗುವುದು ಈ ಮೂರು ಬೆರಳಿನಿಂದ. ಮೀನು ಹೆಚ್ಚು ಸಿಕ್ಕಿದ ದಿನವೇ ಹೆಚ್ಚು ಆಳದ ದಾರಿಯನ್ನು ಹಿಡಿಯಬೇಕೆಂಬುದು ಇದರ ತಾತ್ಪರ್ಯ.

ನಗರದ ಬೆಳಕು

ಕೆರೆಯ ಸುತ್ತ ಇಷ್ಟೊಂದು ದೀಪಗಳಿರುವಾಗ ದಾರಿ ತಪ್ಪುವುದಾದರೂ ಹೇಗೆ ಎಂಬ ಪ್ರಶ್ನೆ ಸಹಜ. ಹಳ್ಳಿಗಾಡಿನ ಕೆರೆಗಿಂತ ನಗರದ ಕೆರೆಯಲ್ಲಿ ದಾರಿ ತಪ್ಪುವುದು ಸುಲಭ ಎಂಬುದೇ ಇದಕ್ಕೆ ಉತ್ತರ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ದೀಪಗಳನ್ನೋ ವಾಹನಗಳ ಮುಂದೀಪವನ್ನೋ ಒಮ್ಮೆ ದಿಟ್ಟಿಸಿ ನೋಡಿದರೆ ಆ ಹೊಂದಾಣಿಕೆ ಕ್ಷಣದಲ್ಲಿ ಕೆಡುತ್ತದೆ. ಮುಂದಿರುವ ಜೊಂಡಿನ ಗುಂಪು ಕಾಣದಾಗುತ್ತದೆ. ಇದಲ್ಲದೆ ದೀಪಗಳ ಪ್ರತಿಬಿಂಬವು ನೀರಿನ ಮೇಲೆ ಉದ್ದವಾದ ಹೊಳೆಯುವ ಪಟ್ಟಿಯಂತೆ ಬಿದ್ದು, ತೆರವಾದ ದಾರಿಯ ಹಾಗೆ ತೋರುತ್ತದೆ. ಆ ಪಟ್ಟಿಯು ನೋಡುವವರ ಜೊತೆಯಲ್ಲೇ ಸರಿಯುವುದರಿಂದ ಅದನ್ನು ನಂಬಿ ಸಾಗುವುದರಲ್ಲಿ ಅರ್ಥವಿಲ್ಲ. ಆದರೆ ಅದು ಥಟ್ಟನೆ ಕಡಿದಂತೆ ಕಂಡರೆ ಅಲ್ಲಿ ಕಳೆ, ಮೋಟು ಅಥವಾ ಮಣ್ಣಿನ ದಿಬ್ಬವಿದೆ ಎಂದು ತಿಳಿಯಬಹುದು.

ಕೈಯಲ್ಲಿರುವ ಟಾರ್ಚನ್ನು ಸದಾ ಉರಿಸಿಟ್ಟುಕೊಳ್ಳುವುದೂ ಇದೇ ಕಾರಣದಿಂದ ಸರಿಯಲ್ಲ. ಬಲೆ ಬಿಡಿಸಲು ಬೆಳಕು ಬೇಕಾದಲ್ಲಿ ಟಾರ್ಚಿನ ಬಾಯಿಗೆ ಕೆಂಪು ಹಾಳೆ ಕಟ್ಟಿದರೆ ಕಣ್ಣಿನ ಹೊಂದಾಣಿಕೆ ಅಷ್ಟಾಗಿ ಕೆಡುವುದಿಲ್ಲ. ಇನ್ನೊಂದು ಹರಿಗೋಲು ಸಮೀಪಿಸಿದಾಗ ಬಿಳಿ ಬೆಳಕನ್ನು ತೋರಿಸಬೇಕು. ಹುಟ್ಟು ಹಾಕಿ ನಡೆಸುವ ದೋಣಿಯಲ್ಲಿ ಬಿಳಿ ಬೆಳಕಿನ ಟಾರ್ಚ್ ಅಥವಾ ಲಾಟೀನು ಸಿದ್ಧವಾಗಿದ್ದು, ಡಿಕ್ಕಿ ತಪ್ಪಿಸಲು ಸಕಾಲದಲ್ಲಿ ತೋರಿಸಿದರೆ ಸಾಕು ಎಂಬುದು ಸಮುದ್ರಯಾನಕ್ಕಾಗಿ 1972ರಲ್ಲಿ ರೂಪಿಸಿದ ಅಂತರರಾಷ್ಟ್ರೀಯ ನಿಯಮಗಳಲ್ಲಿಯೂ ಇದೆ. ಕೆರೆಗೆ ಆ ನಿಯಮ ಅನ್ವಯಿಸದಿದ್ದರೂ ಪದ್ಧತಿ ಒಳ್ಳೆಯದು.

ದಿಕ್ಕನ್ನು ಕಾಯ್ದುಕೊಳ್ಳುವುದು

ಒಂದೇ ದೀಪವನ್ನು ಗುರಿಯಾಗಿಟ್ಟುಕೊಂಡು ಸಾಗಿದರೆ ಗಾಳಿಯು ಹರಿಗೋಲನ್ನು ಪಕ್ಕಕ್ಕೆ ತಳ್ಳುತ್ತಿರುವುದು ತಿಳಿಯುವುದಿಲ್ಲ; ಮುಖ ದೀಪದತ್ತಲೇ ಇರುತ್ತದೆ, ದಾರಿ ಮಾತ್ರ ಬಿಲ್ಲಿನಂತೆ ಬಾಗುತ್ತದೆ. ಇದಕ್ಕೆ ಪರಿಹಾರ ಎರಡು ದೀಪಗಳ ಸಾಲು. ಕರಾವಳಿಯ ಬಂದರುಗಳಲ್ಲಿ ದೋಣಿಗಳನ್ನು ಅಳಿವೆಯ ಮೂಲಕ ಒಳಗೆ ತರಲು ಬಳಸುವ ವಿಧಾನವೂ ಇದೇ. ದಡ ಸೇರುವ ಮೆಟ್ಟಿಲಿನ ಬಳಿ ನೀರಿನ ಅಂಚಿಗೆ ಒಂದು ದೀಪವನ್ನೂ, ಅದರ ನೇರ ಹಿಂದೆ ಏರಿಯ ಮೇಲೆ ಎತ್ತರದಲ್ಲಿ ಇನ್ನೊಂದನ್ನೂ ಕಟ್ಟಬೇಕು. ಎರಡೂ ಒಂದರ ಮೇಲೊಂದು ಕಂಡರೆ ಹರಿಗೋಲು ದಾರಿಯಲ್ಲಿದೆ ಎಂದರ್ಥ. ಹಿಂದಿನ ದೀಪವು ಮುಂದಿನದರ ಬಲಕ್ಕೆ ಸರಿದಂತೆ ಕಂಡರೆ ಹರಿಗೋಲು ಬಲಕ್ಕೆ ತೇಲಿದೆ, ಎಡಕ್ಕೆ ಬರಬೇಕು. ಎಡಕ್ಕೆ ಸರಿದಂತೆ ಕಂಡರೆ ಬಲಕ್ಕೆ ಬರಬೇಕು. ಬೀದಿದೀಪಗಳೊಡನೆ ಬೆರೆತುಹೋಗದಂತೆ ಈ ಎರಡಕ್ಕೂ ಹಸಿರು ಹಾಳೆ ಸುತ್ತುವುದು ಉತ್ತಮ. ಮೆಟ್ಟಿಲಿನ ಎದುರಿನ ಆಳದ ಗೆರೆಯ ನೇರಕ್ಕೆ ದೀಪಗಳನ್ನು ಹಗಲಿನಲ್ಲೇ ಹೊಂದಿಸಿಕೊಳ್ಳಬೇಕು. ತಪ್ಪಾಗಿ ಕಟ್ಟಿದ ಜೋಡಿದೀಪವು ದೀಪವೇ ಇಲ್ಲದಿರುವುದಕ್ಕಿಂತ ಕೆಡುಕು. ದಡದಲ್ಲಿ ಕಾಯುವ ಮನೆಯವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೂ ಈ ದೀಪಗಳನ್ನು ಆರದಂತೆ ನೋಡಿಕೊಳ್ಳುವುದೇ ಆಗಿದೆ.

ನಕ್ಷತ್ರಗಳ ವಿಚಾರದಲ್ಲಿ ಹೆಚ್ಚು ಭರವಸೆ ಇಡಲಾಗದು. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಧ್ರುವ ನಕ್ಷತ್ರವು ಉತ್ತರ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಕಟ್ಟಡಗಳ ಮತ್ತು ಧೂಳಿನ ಮರೆಯಲ್ಲಿ ಅದು ಕಾಣುವುದು ವಿರಳ. ಮೋಡ ಕವಿದ ರಾತ್ರಿಯಲ್ಲಿ ಯಲಹಂಕ ಮತ್ತು ಜಕ್ಕೂರಿನಿಂದ ನೋಡಿದಾಗ ನಗರದ ನಡುಭಾಗವಿರುವ ದಕ್ಷಿಣದ ಆಕಾಶ ಹೆಚ್ಚು ಕೆಂಪಾಗಿ ಹೊಳೆಯುವುದು ಸಾಮಾನ್ಯ. ಇತ್ತೀಚಿನ ವರ್ಷಗಳಲ್ಲಿ ನಾಲ್ಕೂ ದಿಕ್ಕಿಗೆ ಬಡಾವಣೆಗಳು ಬೆಳೆದಿರುವುದರಿಂದ ಈ ಗುರುತೂ ಮಸುಕಾಗುತ್ತಿದೆ. ಕಿವಿಯ ನೆರವು ಇದಕ್ಕಿಂತ ಮೇಲು. ರಸ್ತೆಯ ಸದ್ದು ಬರುವ ಕಡೆ, ಕೋಡಿಯಲ್ಲಿ ನೀರು ಬೀಳುವ ಸದ್ದು, ನಡುಗಡ್ಡೆಯ ಮರಗಳಿಂದ ಹಾರುವ ಇರುಳು ಬಕಗಳ ಕೂಗು ಇವೆಲ್ಲ ಸ್ಥಾನ ಬದಲಿಸದ ಗುರುತುಗಳು. ಡಿಸೆಂಬರ್–ಜನವರಿ ತಿಂಗಳ ನಸುಕಿನಲ್ಲಿ ಮಂಜು ಇಳಿದು ಜೋಡಿದೀಪವೂ ಕಾಣದಾದಾಗ, ದಡದಲ್ಲಿರುವವರು ತಟ್ಟೆ ಬಡಿದು ಸದ್ದು ಮಾಡುವುದು ಅಥವಾ ಬೆಳಕಾಗುವವರೆಗೆ ಹರಿಗೋಲನ್ನು ಗಳಕ್ಕೆ ಕಟ್ಟಿ ನಿಲ್ಲಿಸಿಕೊಳ್ಳುವುದು ಕ್ಷೇಮ. ಒಂದು ಗಂಟೆ ತಡವಾದರೆ ಮಾರುಕಟ್ಟೆಯಲ್ಲಿ ಬೆಲೆ ಸ್ವಲ್ಪ ಇಳಿಯಬಹುದು, ಅಷ್ಟೇ.

ಗಳದಿಂದ ತಳವನ್ನು ಅರಿಯುವುದು

ಮೂರು ಮೀಟರ್ ಉದ್ದದ ಬಿದಿರಿನ ಗಳ ಹರಿಗೋಲಿನಲ್ಲಿ ಇರಲೇಬೇಕು. ಅದಕ್ಕೆ ಮೊಳಕ್ಕೊಂದರಂತೆ ಹಗ್ಗದ ಗಂಟು ಹಾಕಿಕೊಂಡರೆ ಕಣ್ಣಿನ ಸಹಾಯವಿಲ್ಲದೆ ಕೈಯಿಂದಲೇ ಆಳ ತಿಳಿಯುತ್ತದೆ. ಆಳಕ್ಕಿಂತ ಮುಖ್ಯವಾದುದು ತಳದ ಸ್ವಭಾವ. ಮರಳು ಮತ್ತು ಜಲ್ಲಿ ಗಳದ ತುದಿಗೆ ಗರಗರ ಎನ್ನುತ್ತವೆ. ಜೇಡಿಮಣ್ಣು ಗಳವನ್ನು ಹಿಡಿದು ಬಿಡುತ್ತದೆ. ಹೂಳು ಸದ್ದಿಲ್ಲದೆ ನುಂಗುತ್ತದೆ. ಮೇಲೆತ್ತಿದ ಗಳಕ್ಕೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ, ಅದು ಕೊಳಚೆಯಿಂದ ಸೇರಿದ ಸಡಿಲ ಕೆಸರು ಎಂದು ತಿಳಿಯಬೇಕು. ಅಂಥಲ್ಲಿ ಒಂದು ಮೊಳ ನೀರಿನ ಕೆಳಗೆ ಎರಡು ಮೊಳ ಕೆಸರಿರಬಹುದು. ಗಳವು ಎರಡು ಗಂಟು ನೀರು ತೋರಿಸುತ್ತಿರುವವರೆಗೆ ಸಾಗಬಹುದು; ಒಂದಕ್ಕೆ ಇಳಿದರೆ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಏರಿಯ ಕಡೆಗೆ ತಿರುಗಬೇಕು. ಮುಂದೆ ಆಳ ಸಿಗಬಹುದೆಂಬ ಊಹೆಯ ಮೇಲೆ ಮುಂದುವರಿಯಬಾರದು.

ಗಾಳಿ, ಕಳೆ ಮತ್ತು ಮಳೆ

ಅಂತರಗಂಗೆಯು ಗಾಳಿ ಬೀಸಿದ ಕಡೆಗೆ ತೇಲಿ ಎದುರು ದಡದಲ್ಲಿ ಒತ್ತಾಗಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಕಳೆ ಪೂರ್ವದ ದಡದಲ್ಲಿಯೂ, ನವೆಂಬರ್ ನಂತರ ಗಾಳಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮದ ದಡದಲ್ಲಿಯೂ ಸೇರುತ್ತದೆ. ಸಂಜೆ ತೆರವಾಗಿದ್ದ ಮೆಟ್ಟಿಲು ನಸುಕಿನಲ್ಲಿ ಮುಚ್ಚಿಹೋಗಿರಬಹುದು. ಇದಕ್ಕಾಗಿ ಗಾಳಿಗೆ ಮರೆಯಾದ ಕಡೆ ಎರಡನೆಯ ಇಳಿದಾಣವೊಂದನ್ನು ಗುರುತಿಸಿಟ್ಟುಕೊಳ್ಳಬೇಕು.

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಗುಡುಗಿಗಿಂತ ಮೊದಲು ರಭಸದ ಗಾಳಿ ಬರುತ್ತದೆ. ಗುಡುಗು ಕೇಳಿಸಿದೊಡನೆ ನೀರಿನಿಂದ ಹೊರಬರುವುದೊಂದೇ ದಾರಿ. ಬಲೆಯನ್ನು ಅಲ್ಲಿಯೇ ಬಿಡಬಹುದು. ಇನ್ನೊಂದು ಸಂಗತಿಯೆಂದರೆ, ಈ ಕೆರೆಗಳು ಪ್ರತ್ಯೇಕವಾದ ನೀರಿನ ಗುಂಡಿಗಳಲ್ಲ. ಯಲಹಂಕದ ನೀರು ಜಕ್ಕೂರು, ರಾಚೇನಹಳ್ಳಿಗೂ, ಹೆಬ್ಬಾಳದ ನೀರು ನಾಗವಾರಕ್ಕೂ ಇಳಿದು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮತ್ತಿಕೆರೆ, ಯಶವಂತಪುರದ ಕಡೆ ಜೋರು ಮಳೆಯಾದರೆ ಹೆಬ್ಬಾಳದಲ್ಲಿ ಒಂದು ಹನಿಯೂ ಬೀಳದಿದ್ದರೂ ರಾಜಕಾಲುವೆಯಲ್ಲಿ ನೀರು ನುಗ್ಗಿ ಬರುತ್ತದೆ. ಕಾಲುವೆ ಕೆರೆಗೆ ಸೇರುವ ಬಾಯಿಯ ಸಮೀಪ ರಾತ್ರಿ ಹೊತ್ತು ಹರಿಗೋಲು ನಿಲ್ಲಿಸುವುದನ್ನು ಬಿಡತಕ್ಕದ್ದು. ಕೋಡಿ ಹರಿಯುವಾಗ ಅದರ ಹತ್ತಿರ ಸಾಗುವುದೂ ಅಪಾಯಕರ. ನೀರಿನ ಸೆಳೆತಕ್ಕೆ ಹರಿಗೋಲು ಎದುರು ನಿಲ್ಲಲಾರದು.

ಹರಿಗೋಲು ಸಿಲುಕಿದಾಗ

ಕೆಳಗಿಳಿಯಬಾರದು ಎಂಬುದೇ ಮೊದಲ ಮಾತು. ಸಿಲುಕಿದ ಬದಿಯಿಂದ ತೂಕವನ್ನು ಎದುರು ಬದಿಗೆ ಸರಿಸಿ, ಗಳವನ್ನು ತಳಕ್ಕೆ ಓರೆಯಾಗಿ ಊರಿ ಬಂದ ದಿಕ್ಕಿಗೇ ತಳ್ಳಬೇಕು. ಆಗದಿದ್ದಲ್ಲಿ ನೆನೆದ ಬಲೆಯನ್ನು ತೇಲುಬುರುಡೆ ಕಟ್ಟಿ ನೀರಿಗೆ ಇಳಿಸಿದರೆ ಹರಿಗೋಲು ಒಂದೆರಡು ಬೆರಳು ಮೇಲೇಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅಷ್ಟು ಸಾಕು. ಹಾಳೆ ಹರಿದು ನೀರು ಬರುತ್ತಿದ್ದರೆ ಬಟ್ಟೆ ತುರುಕಿ ತಡೆಯಬೇಕು.

ಒಂದು ವೇಳೆ ಕೆಸರಿಗೆ ಬಿದ್ದರೆ ನಿಂತು ಕಾಲು ಕೀಳಲು ಯತ್ನಿಸಬಾರದು. ಒಂದು ಕಾಲು ಎತ್ತುವಾಗ ಇನ್ನೊಂದರ ಮೇಲೆ ಪೂರ್ಣ ಭಾರ ಬಿದ್ದು ಅದು ಮತ್ತಷ್ಟು ಇಳಿಯುತ್ತದೆ. ಹರಿಗೋಲಿನ ಅಂಚನ್ನೋ ಅಡ್ಡಲಾಗಿ ಹಿಡಿದ ಗಳವನ್ನೋ ಅವಲಂಬಿಸಿ ಎದೆಯನ್ನು ನೀರಿನ ಮೇಲೆ ಚಾಚಿ, ಈಜುವವರಂತೆ ಮೈಯನ್ನು ಮಲಗಿಸಿ ನಿಧಾನವಾಗಿ ಕಾಲು ಎಳೆದುಕೊಳ್ಳಬೇಕು. ತೇಲುಜಾಕೀಟು ಇದ್ದಲ್ಲಿ ಈ ಕೆಲಸ ಬಹಳ ಹಗುರ. ಮೊಳಕಾಲುದ್ದ ನೀರಿಗೆ ಜಾಕೀಟು ಏಕೆ ಎಂದು ಕೇಳುವವರು ಈ ಸಂದರ್ಭವನ್ನು ನೆನೆಯಬೇಕು. ತಾನೇ ಬಿಟ್ಟ ಬಲೆಗೆ ಕಾಲು ಸಿಕ್ಕಿಕೊಳ್ಳುವ ಸಂಭವವೂ ಇರುವುದರಿಂದ ಸೊಂಟಕ್ಕೆ ದಾರದಿಂದ ಕಟ್ಟಿದ ಚಾಕು ಇರತಕ್ಕದ್ದು. ಚಾಕು ಹರಿಗೋಲಿನ ತಳದಲ್ಲಿದ್ದರೆ ಪ್ರಯೋಜನವಿಲ್ಲ.

ಅರ್ಜಿದಾರರ ಗಮನಕ್ಕೆ

ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಅಥವಾ ಪರವಾನಗಿಯ ಷರತ್ತುಗಳಿಗೆ ಒಳಪಟ್ಟಿದ್ದು, ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಪ್ರತ್ಯೇಕ ಅಧಿನಿಯಮವಿದೆ. ಆಯಾ ಕೆರೆಯಲ್ಲಿ ರಾತ್ರಿ ವೇಳೆ ನೀರಿಗಿಳಿಯಲು ಅವಕಾಶವಿದೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿ ಖಚಿತಪಡಿಸಿಕೊಳ್ಳತಕ್ಕದ್ದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿರುವುದರಿಂದ ಇತರ ಕೆರೆಗಳಂತೆ ಭಾವಿಸಿ ಅದಕ್ಕೆ ಅರ್ಜಿ ಸಿದ್ಧಪಡಿಸುವುದು ಸರಿಯಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮೀನುಗಾರರ ಅಪಘಾತ ವಿಮೆಗೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ರೂ. 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ರೂ. 2.5 ಲಕ್ಷ ಮತ್ತು ಆಸ್ಪತ್ರೆ ವೆಚ್ಚಕ್ಕೆ ರೂ. 25,000 ನಿಗದಿಯಾಗಿತ್ತು. ಚಾಲ್ತಿ ವರ್ಷದ ವಿಮಾ ಪಟ್ಟಿಯಲ್ಲಿ ತಮ್ಮ ಹೆಸರು ಸೇರಿದೆಯೇ ಎಂಬುದನ್ನು ಅರ್ಜಿದಾರರು ನೀರಿಗಿಳಿಯುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳಿತು. ಅವಘಡದ ನಂತರ ಹೆಸರು ಹುಡುಕುವ ಕಷ್ಟ ಮನೆಯವರ ಪಾಲಿಗೆ ಬರುತ್ತದೆ.

ಹೊರಡುವ ಮುನ್ನ, ಯಾವ ಕೆರೆ, ಯಾವ ಬದಿಯಲ್ಲಿ ಬಲೆ, ಎಷ್ಟು ಹೊತ್ತಿಗೆ ವಾಪಸು ಎಂಬ ಮೂರು ವಿವರಗಳನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಬೇಕು. ಹೇಳಿದ ಹೊತ್ತು ಮೀರಿದರೆ ತಡಮಾಡದೆ 112 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವವರು ಕೆರೆಯ ಹೆಸರಿನ ಜೊತೆಗೆ ಪ್ರದೇಶದ ಹೆಸರನ್ನೂ ಹೇಳತಕ್ಕದ್ದು: ಪುಟ್ಟೇನಹಳ್ಳಿ ಎಂಬ ಕೆರೆ ಯಲಹಂಕದಲ್ಲಿಯೂ ಇದೆ, ನಗರದ ಇನ್ನೊಂದು ತುದಿಯ ಜೆ.ಪಿ. ನಗರದಲ್ಲಿಯೂ ಇದೆ. ಏರಿಯ ಕಡೆಯೋ, ಕೋಡಿಯ ಕಡೆಯೋ, ಕಾಲುವೆ ಸೇರುವ ಕಡೆಯೋ ಎಂಬುದನ್ನೂ ಹೇಳಿದರೆ ಹುಡುಕಲು ಬರುವವರು ಸರಿಯಾದ ದ್ವಾರದಿಂದ ಒಳಬರಲು ಅನುಕೂಲವಾಗುತ್ತದೆ.